ಲಿನಾರೆಸ್‌ನ ಆ ಆಟ ಮತ್ತು ರಾಜಾಬೋವ್ ಮೇಲಿನ ದೂರುಗಳು: ಒಂದು ಪ್ರತ್ಯುತ್ತರ

ತೈಮೂರ್ ರಾಜಾಬೋವ್ ಹೆಸರು ಬಂದಾಗಲೆಲ್ಲ ಚೆಸ್ ಅಭಿಮಾನಿಗಳ ಒಂದು ಬಳಗ ಎರಡು ತೀರ್ಪುಗಳನ್ನು ಒಂದೇ ಉಸಿರಿನಲ್ಲಿ ಕೊಟ್ಟುಬಿಡುತ್ತದೆ. 2003ರಲ್ಲಿ ಲಿನಾರೆಸ್‌ನಲ್ಲಿ ಗ್ಯಾರಿ ಕಾಸ್ಪರೋವ್ ವಿರುದ್ಧ ಗೆದ್ದ ಆಟ ಜನ ಹೊಗಳುವಷ್ಟು ದೊಡ್ಡದೇನಲ್ಲ ಎಂಬುದು ಮೊದಲನೆಯದು. ಆ ಆಟ ಹುಟ್ಟಿಸಿದ ಭರವಸೆಯನ್ನು ಆತ ಮುಂದೆ ಮಣ್ಣುಪಾಲು ಮಾಡಿದ ಎಂಬುದು ಎರಡನೆಯದು. ಈ ಎರಡು ಮಾತುಗಳು ಒಟ್ಟಿಗೆ ನಿಲ್ಲುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಟ ಸಾಧಾರಣವಾಗಿದ್ದರೆ ಅದರ ಮೇಲೆ ಅಷ್ಟೊಂದು ಭರವಸೆ ಇಟ್ಟದ್ದು ನಮ್ಮ ತಪ್ಪು. ಭರವಸೆ ಇಡುವುದು ನ್ಯಾಯವಾಗಿತ್ತು ಎನ್ನುವುದಾದರೆ ಆಟ ಸಾಧಾರಣದ್ದಲ್ಲ. ಇವೆರಡರಲ್ಲಿ ಯಾವುದು ನಿಮ್ಮ ಮಾತು ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಮೂರನೆಯ ದೂರು ಬರುತ್ತದೆ. ಆದ್ದರಿಂದ ದೂರುಗಳನ್ನು ಒಂದೊಂದಾಗಿಯೇ ತೆಗೆದುಕೊಳ್ಳುತ್ತೇನೆ.

ಹುಡುಗ ಗೆಲ್ಲಲಿಲ್ಲ, ಕಾಸ್ಪರೋವ್ ತಾವಾಗಿ ಸೋತರು ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಇದಕ್ಕೆ ಉತ್ತರ ಹೇಳಲು ಹಲಗೆಯ ಮುಂದೆಯೇ ಕೂರಬೇಕು.

ಸ್ಪೇನಿನ ಲಿನಾರೆಸ್, 2003ರ ಫೆಬ್ರವರಿ. ಬಿಳಿ ಕಾಯಿ ಕಾಸ್ಪರೋವ್ ಅವರದು. ವಿಶ್ವ ಚಾಂಪಿಯನ್ ಪಟ್ಟ ಆಗ ಅವರ ಬಳಿ ಇರಲಿಲ್ಲವಾದರೂ ರೇಟಿಂಗ್ ಪಟ್ಟಿಯ ತುದಿಯಲ್ಲಿ ಅವರೇ ಇದ್ದರು. ಎದುರಿಗೆ ಅಜರ್‌ಬೈಜಾನ್‌ನ ಬಾಕುವಿನಿಂದ ಬಂದ 15 ವರ್ಷದ ಹುಡುಗ. ಕಾಸ್ಪರೋವ್ ಹುಟ್ಟಿದ್ದೂ ಬಾಕುವಿನಲ್ಲೇ. ಇಬ್ಬರ ರೇಟಿಂಗ್ ನಡುವೆ 200ಕ್ಕೂ ಹೆಚ್ಚು ಅಂಕಗಳ ಅಂತರ. ಹುಡುಗ ಫ್ರೆಂಚ್ ಡಿಫೆನ್ಸ್ ಆರಿಸಿಕೊಂಡ. 11ನೇ ನಡೆಯಲ್ಲಿ ಕಾಸ್ಪರೋವ್ ಕಾಲಾಳನ್ನು ಜಿ4ಕ್ಕೆ ನುಗ್ಗಿಸಿದರೆ ಇವನು ಸುಮ್ಮನೆ ಕೂರದೆ ಎಚ್5ಕ್ಕೆ ತನ್ನ ಕಾಲಾಳನ್ನು ತಳ್ಳಿ ಕೆಣಕಿದ. ಹತ್ತು ನಡೆಗಳ ನಂತರ ಬಿಳಿಯ ಒಂಟೆ ಇ2ಕ್ಕೆ ಬಂದು ಜಿ4ರಲ್ಲಿದ್ದ ಕಪ್ಪು ಕುದುರೆಯ ಮೇಲೆ ಕಣ್ಣಿಟ್ಟಿತು. ಆ ಕುದುರೆಗೆ ಯಾವ ಕಾಯಿಯ ಕಾವಲೂ ಇರಲಿಲ್ಲ. ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದು ನನಗೂ ನಿಮಗೂ ಮೊದಲು ಹೊಳೆಯುವ ನಡೆ.

ಹುಡುಗ ಅದೇ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆದ. ಆ ಕಾಲಾಳಿಗೆ ಡಿ4ರ ಕಾಲಾಳು ಮತ್ತು ಎಫ್4ರ ಒಂಟೆ ಎರಡರ ಕಾವಲೂ ಇತ್ತು. ಅಂದರೆ ಒಂದು ಇಡೀ ಕುದುರೆಯನ್ನು ಬಲಿಗೆ ಒಡ್ಡಿದ. ಬಿಳಿಯ ರಾಜ ಇನ್ನೂ ಕ್ಯಾಸ್ಲಿಂಗ್ ಮಾಡದೆ ಇ1ರಲ್ಲೇ ನಿಂತಿದ್ದ. ಕುದುರೆಯನ್ನು ತಿಂದರೆ ನಡುಹಲಗೆ ತೆರೆದುಕೊಳ್ಳುತ್ತಿತ್ತು, ಕಪ್ಪು ಕಾಯಿಗಳಿಗೆ ಆ ರಾಜನ ಮೇಲೆ ಬೀಳಲು ದಾರಿಯಾಗುತ್ತಿತ್ತು. ಕಾಸ್ಪರೋವ್ ನೋಡಿದರು, ಯೋಚಿಸಿದರು, ತಿನ್ನಲಿಲ್ಲ. ರಾಣಿಯನ್ನು ಇ3ಕ್ಕೆ ತಂದರು. ಕಪ್ಪು ಕುದುರೆ ಕಾಲಾಳನ್ನು ಜೇಬಿಗೆ ಹಾಕಿಕೊಂಡು ಡಿ7ಕ್ಕೆ ಮರಳಿತು. ಬಿಳಿ ರಾಣಿ ಇ6ರಲ್ಲಿ ಒಂದು ಕಾಲಾಳನ್ನು ತಿಂದು ಸೇಡು ತೀರಿಸಿಕೊಂಡಾಗ ಹುಡುಗನ ಒಂಟೆ ಎಚ್4ಕ್ಕೆ ಹಾರಿತು. ಈಗ ಜಿ3ರ ಬಿಳಿ ಕುದುರೆ ಅಲುಗಾಡುವಂತಿಲ್ಲ, ಅಲುಗಿದರೆ ಹಿಂದಿರುವ ರಾಜನಿಗೆ ಚೆಕ್. ದಾಳಿ ಮಾಡಲು ಬಂದವರು ಕಾಪಾಡಿಕೊಳ್ಳುವ ಸ್ಥಿತಿಗೆ ಬಂದದ್ದು ಇಲ್ಲಿ.

ಎದುರು ಬಣದವರು ಬೆರಳು ತೋರಿಸುವುದು 27ನೇ ನಡೆಗೆ. ಅಷ್ಟರಲ್ಲಿ ಕ್ಯಾಸ್ಲಿಂಗ್ ಮುಗಿಸಿದ್ದ ಕಾಸ್ಪರೋವ್ ಡಿ1ರ ಆನೆಯನ್ನು ಎಫ್1ಕ್ಕೆ ಸರಿಸಿದರು. ಹುಡುಗನ ಇನ್ನೊಂದು ಕುದುರೆ ಬಿ3ಕ್ಕೆ ಬಂದು ಚೆಕ್ ಕೊಟ್ಟಿತು, ರಾಜ ಡಿ1ಕ್ಕೆ ಓಡಿದ, ಜಿ3ರ ಕುದುರೆ ಹೋಯಿತು. 39ನೇ ನಡೆಯ ಹೊತ್ತಿಗೆ ಕಾಸ್ಪರೋವ್ ಸೋಲೊಪ್ಪಿದರು. ಹೌದು, ಅದು ತಪ್ಪು ನಡೆಯೇ. ಆದರೆ ಆ ತಪ್ಪು ಆಕಾಶದಿಂದ ಉದುರಿತೇ? ಬಿ3ಕ್ಕೆ ಹೋಗಬೇಕೆಂದೇ ಹಿಂದಿನ ನಡೆಯಲ್ಲಿ ಕುದುರೆಯನ್ನು ಎ5ಕ್ಕೆ ತಂದು ನಿಲ್ಲಿಸಿದವನು ಯಾರು? ಅದಕ್ಕೂ ಮೊದಲು ಜಿ5ಕ್ಕೆ ಕಾಲಾಳು ಒತ್ತಿ ಬಿಳಿಯ ಒಂಟೆಯನ್ನು ಡಿ2ಕ್ಕೆ ಅಟ್ಟಿದವನು ಯಾರು? ಆರು ನಡೆ ಹಿಂದೆ ಆ ಕುದುರೆ ಇ5ರಲ್ಲಿ ಎರಗದಿದ್ದರೆ ಈ ಇಕ್ಕಟ್ಟೇ ಇರುತ್ತಿರಲಿಲ್ಲ. ಚೆಸ್‌ನಲ್ಲಿ ಯಾರೂ ತಪ್ಪು ಮಾಡದ ಆಟ ಡ್ರಾ ಆಗುತ್ತದೆ. ಗೆದ್ದ ಪ್ರತಿ ಆಟದಲ್ಲೂ ಸೋತವರ ತಪ್ಪು ಇದ್ದೇ ಇರುತ್ತದೆ. ಆ ತಪ್ಪಿಗೆ ಅವರನ್ನು ದೂಡಿದವರು ಯಾರು ಎಂಬುದನ್ನು ನೋಡಿಯೇ ಗೆಲುವಿನ ತೂಕ ಹೇಳಬೇಕು.

ಎಂಜಿನ್ ಹೆಸರು ಹೇಳಿ ಬಾಯಿ ಮುಚ್ಚಿಸುವವರಿಗೂ ಒಂದು ಮಾತಿದೆ. ಇವತ್ತಿನ ಫೋನಿನಲ್ಲಿರುವ ಪ್ರೋಗ್ರಾಂ 21ನೇ ನಡೆಯ ಬಲಿಗೆ ಯಾವ ಅಂಕ ಕೊಟ್ಟರೂ ಕೊಡಲಿ. ಅದಕ್ಕೆ ಗಡಿಯಾರದ ಭಯವಿಲ್ಲ, ಎದುರಿಗೆ ಕುಳಿತವರ ಮುಖ ಕಾಣುವುದಿಲ್ಲ. ಆ ಬಲಿಯನ್ನು ಹಲಗೆಯ ಮೇಲೆ ಪರೀಕ್ಷಿಸುವ ಅವಕಾಶ ಆ ದಿನ ಒಬ್ಬರಿಗೇ ಇತ್ತು. ಆ ಒಬ್ಬರು ಆ ಕಾಲದ ಅತ್ಯುತ್ತಮ ಲೆಕ್ಕಗಾರ. ಅವರು ಕುದುರೆಯನ್ನು ಮುಟ್ಟಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಆಟ ಒಳ್ಳೆಯದೇ ಇರಬಹುದು, ಸೌಂದರ್ಯ ಬಹುಮಾನಕ್ಕೆ ಮಾತ್ರ ಯೋಗ್ಯವಲ್ಲ ಎನ್ನುವವರದು ಸ್ವಲ್ಪ ನಯವಾದ ವಾದ. ಪತ್ರಕರ್ತರು ಆ ಆಟಕ್ಕೆ ಬಹುಮಾನ ಕೊಟ್ಟದ್ದು ಸೋತವರು ಕಾಸ್ಪರೋವ್ ಎಂಬ ಒಂದೇ ಕಾರಣಕ್ಕೆ ಎಂದು ಇವರು ಹೇಳುತ್ತಾರೆ. ಇದು ಮೂಲದಲ್ಲಿ ಕಾಸ್ಪರೋವ್ ಅವರದೇ ಮಾತು. ಸಮಾರೋಪ ಸಮಾರಂಭದಲ್ಲಿ ಅವರು ಮೈಕ್ ಹಿಡಿದು ಎಲ್ಲರ ಮುಂದೆ ಸಿಟ್ಟು ಹೊರಹಾಕಿದರು, ಈ ಆಯ್ಕೆ ತನಗೆ ಮಾಡಿದ ಅವಮಾನ ಎಂದರು. ವೇದಿಕೆಯ ಮೇಲೆ ಬಹುಮಾನ ಪಡೆಯಬೇಕಾಗಿದ್ದವನು ಇನ್ನೂ 16 ತುಂಬುವ ಹಂತದಲ್ಲಿದ್ದ ಹುಡುಗ. ಚೆಸ್‌ಗೆ ಕಾಸ್ಪರೋವ್ ಕೊಟ್ಟದ್ದನ್ನು ನಾನು ಎರಡೂ ಕೈ ಎತ್ತಿ ನಮಸ್ಕರಿಸಿ ಒಪ್ಪುತ್ತೇನೆ, ಆ ಸಂಜೆಯ ನಡವಳಿಕೆಯನ್ನು ಒಪ್ಪಲಾರೆ. ಸೋತವರೇ ಗೆದ್ದವನ ಬಹುಮಾನದ ತೀರ್ಪುಗಾರರಾಗುವುದು ಯಾವ ಆಟದಲ್ಲೂ ಸಲ್ಲದು.

ಈ ವಾದಕ್ಕೆ ನಾಲ್ಕು ವರ್ಷ ಹಿಂದಿನ ಕಾಸ್ಪರೋವ್ ಆಟವೇ ಉತ್ತರ ಕೊಡುತ್ತದೆ. 1999ರಲ್ಲಿ ವೈಕ್ ಆನ್ ಝೀಯಲ್ಲಿ ವೆಸೆಲಿನ್ ಟೊಪಲೋವ್ ವಿರುದ್ಧ ಅವರು ಆಡಿದ್ದನ್ನು ಚೆಸ್ ಲೋಕ ಅಮರ ಆಟ ಎಂದು ಕರೆಯುತ್ತದೆ. 24ನೇ ನಡೆಯಲ್ಲಿ ಡಿ4ರಲ್ಲಿ ಆನೆಯನ್ನು ಬಲಿಕೊಟ್ಟು ಟೊಪಲೋವ್ ರಾಜನನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ಅಟ್ಟಿಕೊಂಡು ಹೋದರು. ಟೊಪಲೋವ್ ಆ ಆನೆಯನ್ನು ತಿನ್ನದೆ ರಾಜನನ್ನು ಬಿ6ಕ್ಕೆ ಸರಿಸಿದ್ದರೆ ಉಳಿದುಕೊಳ್ಳುತ್ತಿದ್ದರು. ತಿಂದದ್ದು ತಪ್ಪು, ಆ ತಪ್ಪಿಲ್ಲದೆ ಅಮರ ಆಟವೇ ಇಲ್ಲ. ಅಷ್ಟಕ್ಕೇ ಯಾರಾದರೂ ಆ ಆಟದ ಹೆಸರು ಕಿತ್ತುಕೊಂಡರೇ? ಕೀಳಬಾರದು ಕೂಡ. ನಾನೂ ಅದನ್ನು ಎಷ್ಟೋ ಸಲ ಹಲಗೆಯ ಮೇಲೆ ಜೋಡಿಸಿ ನೋಡಿದ್ದೇನೆ, ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಕಾಸ್ಪರೋವ್ ಬಲಿಗೆ ಒಂದು ನ್ಯಾಯ, ಕಾಸ್ಪರೋವ್ ವಿರುದ್ಧದ ಬಲಿಗೆ ಇನ್ನೊಂದು ನ್ಯಾಯ ಆಗಬಾರದು ಎಂಬುದಷ್ಟೇ ನನ್ನ ಕೇಳಿಕೆ. ಆ ವರ್ಷ ಲಿನಾರೆಸ್‌ನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಆಟಗಳು ನಡೆದವು ಎನ್ನುವುದನ್ನು ಒಪ್ಪುತ್ತೇನೆ. ಅಚ್ಚುಕಟ್ಟಿಗೆ ಬೇಕಾದರೆ ಬೇರೆ ಬಹುಮಾನ ಇಡಲಿ.

ನಮ್ಮ ದೇಶದ ಅಭಿಮಾನಿಗಳಿಗೆ ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದಲ್ಲಿ ಡಿಂಗ್ ಲಿರೆನ್ 55ನೇ ನಡೆಯಾಗಿ ಆನೆಯನ್ನು ಎಫ್2ಕ್ಕೆ ಇಟ್ಟರು. ಗುಕೇಶ್ ಆನೆಗಳನ್ನು ಬದಲಾಯಿಸಿ ಒಂಟೆಯನ್ನು ಡಿ5ಕ್ಕೆ ತಂದರು, ಉಳಿದದ್ದು ಗೆಲ್ಲುವ ಕಾಲಾಳಿನ ಕೊನೆಯಾಟ. 18ನೇ ವಯಸ್ಸಿಗೆ ಅವರು ವಿಶ್ವ ಚಾಂಪಿಯನ್ ಆದರು. ಒಂದೇ ನಡೆಯ ಬಾಲಿಶ ತಪ್ಪಿನಿಂದ ಪಟ್ಟ ನಿರ್ಧಾರವಾಯಿತು ಎಂದು ವ್ಲಾದಿಮಿರ್ ಕ್ರಾಮ್ನಿಕ್ ಮೂದಲಿಸಿದಾಗ ನಾವೆಲ್ಲ ಕೆರಳಿದೆವು. ಒಂದು ಹೆಚ್ಚಿನ ಕಾಲಾಳನ್ನು ಹಿಡಿದು, ಡ್ರಾ ಎಂದು ಎಲ್ಲರೂ ಕೈಬಿಟ್ಟ ಸ್ಥಿತಿಯಲ್ಲಿ ಗಂಟೆಗಟ್ಟಲೆ ಒತ್ತಡ ಹೇರಿದ್ದಕ್ಕೇ ಡಿಂಗ್ ಕೈ ತಪ್ಪಿತು ಎಂದು ಸರಿಯಾಗಿಯೇ ವಾದಿಸಿದೆವು. ಗುಕೇಶ್ ಪರವಾಗಿ ಹೂಡಿದ ಆ ವಾದ ಬಾಕುವಿನ ಹುಡುಗನಿಗೆ ಏಕೆ ಸಲ್ಲುವುದಿಲ್ಲ?

ಇನ್ನು ಭರವಸೆಯ ವಿಷಯ. ಇಲ್ಲಿ ಎದುರು ಬಣದವರ ದನಿ ಏರುತ್ತದೆ. ಕಾಸ್ಪರೋವ್‌ರನ್ನು ಸೋಲಿಸಿದವನು ವಿಶ್ವ ಚಾಂಪಿಯನ್ ಆಗಬೇಕಿತ್ತು, ಆಗಲಿಲ್ಲ, ಆದ್ದರಿಂದ ಆ ಪ್ರತಿಭೆ ವ್ಯರ್ಥವಾಯಿತು ಎಂಬುದು ಅವರ ತರ್ಕ. 15ರ ಹುಡುಗನ ಹೆಸರಿನಲ್ಲಿ ನಾವೇ ಒಂದು ಸಾಲಪತ್ರ ಬರೆದು, ನಾವೇ ರುಜು ಹಾಕಿ, ಇಪ್ಪತ್ತು ವರ್ಷ ಬಿಟ್ಟು ಅಸಲು ಬಡ್ಡಿ ಎರಡನ್ನೂ ಕೇಳಲು ಹೋದಂತಿದೆ ಇದು. ವಿಶ್ವ ಚಾಂಪಿಯನ್ ಆಗುತ್ತೇನೆ ಎಂದು ಆ ಹುಡುಗ ನಮಗೆ ಮಾತು ಕೊಟ್ಟಿರಲಿಲ್ಲ. ಚೆನ್ನಾಗಿ ಚೆಸ್ ಆಡಿದ, ಅಷ್ಟೇ.

ಆ ಲಿನಾರೆಸ್‌ನಲ್ಲೇ ಅವನು ಎಲ್ಲಿ ನಿಂತ ಎಂಬುದು ಈ ಗೆಳೆಯರಲ್ಲಿ ಹಲವರಿಗೆ ನೆನಪಿಲ್ಲ. ಏಳು ಮಂದಿಯ ಪಂದ್ಯಾವಳಿಯಲ್ಲಿ 12 ಆಟಗಳಿಂದ ನಾಲ್ಕೂವರೆ ಅಂಕ ಪಡೆದು ಕೊನೆಯ ಸ್ಥಾನ. ಪೀಟರ್ ಲೆಕೊ ಮತ್ತು ಕ್ರಾಮ್ನಿಕ್ ಏಳು ಅಂಕದೊಂದಿಗೆ ಮೇಲಿದ್ದರು. ಅಂದರೆ ಆ ವಯಸ್ಸಿನಲ್ಲಿ ಅವನು ಒಂದು ದಿನ ಪ್ರಪಂಚದ ಮೊದಲನೆಯವರನ್ನು ಸೋಲಿಸಬಲ್ಲವನಾಗಿದ್ದ, ಮೂರು ವಾರ ಎಡೆಬಿಡದೆ ಅವರ ಮಟ್ಟದಲ್ಲಿ ಆಡಬಲ್ಲವನಾಗಿರಲಿಲ್ಲ. ಇದನ್ನು ನೋಡಿದವರು ಭವಿಷ್ಯ ಹೇಳುವಾಗ ಎಚ್ಚರ ವಹಿಸಬೇಕಿತ್ತು. ಅದೇ ವರ್ಷ ಅವನು ಪೊನೊಮರಿಯೋವ್ ಮತ್ತು ನಮ್ಮ ವಿಶ್ವನಾಥನ್ ಆನಂದ್ ಅವರನ್ನೂ ಸೋಲಿಸಿದ, ಕಾಸ್ಪರೋವ್ ಸೇರಿ ಮೂವರನ್ನೂ ಕಪ್ಪು ಕಾಯಿಯಲ್ಲಿ. ಆನಂದ್ ಸೋತದ್ದು ಡಾರ್ಟ್‌ಮುಂಡ್‌ನಲ್ಲಿ. ಆ ಸುದ್ದಿ ಕೇಳಿ ಬೇಸರಪಟ್ಟವರಲ್ಲಿ ನಾನೂ ಒಬ್ಬ, ಅದರಿಂದ ಆಟದ ಗುಣ ಕಡಿಮೆಯಾಗುವುದಿಲ್ಲ.

ಆಮೇಲೆ ಏನೂ ಮಾಡಲಿಲ್ಲ ಎಂಬ ಮಾತು ಶುದ್ಧ ಸುಳ್ಳು. 2007ರಲ್ಲಿ ವೈಕ್ ಆನ್ ಝೀಯಲ್ಲಿ ಟೊಪಲೋವ್, ಅರೋನಿಯನ್ ಜೊತೆ ಮೊದಲ ಸ್ಥಾನ ಹಂಚಿಕೊಂಡಾಗ ರಾಜಾಬೋವ್‌ಗೆ 19. ಅದೇ ಪಂದ್ಯಾವಳಿಯಲ್ಲಿ ಒಂದು ಆಟವನ್ನೂ ಗೆಲ್ಲದೆ ಪಟ್ಟಿಯ ತಳದಲ್ಲಿ ಉಳಿದ ಹುಡುಗನೊಬ್ಬನಿದ್ದ, ಅವನ ಹೆಸರು ಮ್ಯಾಗ್ನಸ್ ಕಾರ್ಲ್‌ಸನ್. ಒಂದು ಪಂದ್ಯಾವಳಿಯ ಅಂಕಪಟ್ಟಿ ನೋಡಿ ಜಾತಕ ಬರೆಯುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. 2009, 2013, 2017ರಲ್ಲಿ ಯುರೋಪಿಯನ್ ತಂಡ ಚಾಂಪಿಯನ್‌ಷಿಪ್ ಗೆದ್ದ ಅಜರ್‌ಬೈಜಾನ್ ತಂಡದಲ್ಲಿ ರಾಜಾಬೋವ್ ಇದ್ದರು. 2012ರ ನವೆಂಬರ್ ಪಟ್ಟಿಯಲ್ಲಿ 2793 ರೇಟಿಂಗ್‌ನೊಂದಿಗೆ ಪ್ರಪಂಚದ ನಾಲ್ಕನೆಯವರಾದರು. ಅವರಿಗಿಂತ ಮೇಲಿದ್ದವರು ಕಾರ್ಲ್‌ಸನ್, ಅರೋನಿಯನ್, ಕ್ರಾಮ್ನಿಕ್ ಮಾತ್ರ. ಪ್ರಪಂಚದಲ್ಲಿ ನಾಲ್ಕನೆಯವರಾಗುವುದು ವ್ಯರ್ಥವಾದ ಬದುಕು ಎನ್ನುವವರು ಚೆಸ್‌ನ ಅಳತೆಯನ್ನೇ ಕಳೆದುಕೊಂಡಿದ್ದಾರೆ.

ನಮ್ಮಲ್ಲೇ ನೋಡಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರ ಮೂಲಕ, ಅವರ ವಯಸ್ಸು ಮೂವತ್ತು ದಾಟಿದ ಮೇಲೆ. ರಾಜಾಬೋವ್ 14ಕ್ಕೇ ಆ ಬಿರುದು ಪಡೆದಿದ್ದರು. ಬೇಗ ಬಂದವರು, ತಡವಾಗಿ ಬಂದವರು ಎಂದು ಜನರನ್ನು ತಕ್ಕಡಿಗೆ ಹಾಕುವ ಅಭ್ಯಾಸದಿಂದಲೇ ಇಂಥ ತೀರ್ಪುಗಳು ಹುಟ್ಟುತ್ತವೆ. ಮೈಸೂರಿನಲ್ಲಿ ಆ ದಿನ ಪಟ್ಟ ಸಂತೋಷಕ್ಕೆ ವಯಸ್ಸಿನ ಲೆಕ್ಕ ಯಾರೂ ಕೇಳಲಿಲ್ಲ.

ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ 2013ರ ಲಂಡನ್ ಕ್ಯಾಂಡಿಡೇಟ್ಸ್ ಪಂದ್ಯಾವಳಿಯನ್ನು ಮುಂದೆ ಹಿಡಿಯುವವರಿದ್ದಾರೆ. ಅಲ್ಲಿ 14 ಆಟಗಳಲ್ಲಿ ನಾಲ್ಕೇ ಅಂಕ, ಕೊನೆಯ ಸ್ಥಾನ. ನಿಜ, ಅದು ಹೀನಾಯ ಪ್ರದರ್ಶನ. ಆ ನಂತರ ರೇಟಿಂಗ್ ಕುಸಿದದ್ದೂ ನಿಜ. ಮರುವರ್ಷದ ಜನವರಿಯಲ್ಲಿ ಅದೇ ಬಾಕುವಿನ, ಅದೇ ತಂಡದ, ವಯಸ್ಸಿನಲ್ಲಿ ಒಂದು ವರ್ಷವೂ ದೊಡ್ಡವರಲ್ಲದ ವುಗಾರ್ ಗಶಿಮೋವ್ ತೀರಿಕೊಂಡರು. ಅವರ ನೆನಪಿಗೆ ಶಮ್‌ಕಿರ್‌ನಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ ರಾಜಾಬೋವ್ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್‌ರನ್ನು ಸೋಲಿಸಿದರು. ಲಂಡನ್ ಲೆಕ್ಕಕ್ಕೆ ತೆಗೆದುಕೊಳ್ಳುವವರು ಶಮ್‌ಕಿರ್ ಕೂಡ ತೆಗೆದುಕೊಳ್ಳಲಿ.

ಹೋರಾಡದೆ ಬೇಗ ಡ್ರಾ ಮಾಡಿಕೊಳ್ಳುತ್ತಾರೆ ಎಂಬ ದೂರಿನಲ್ಲಿ ಹುರುಳಿದೆ. ಕಾಯಿಗಳು ಕೈಗೆ ಬೆಚ್ಚಗಾಗುವ ಮೊದಲೇ ಒಂದೇ ನಡೆಗಳನ್ನು ಮರುಕಳಿಸಿ ಅಂಕ ಹಂಚಿಕೊಂಡ ಆಟಗಳು ಅವರ ಹೆಸರಿನಲ್ಲಿ ಬೇಕಾದಷ್ಟಿವೆ. ಕಿಂಗ್ಸ್ ಇಂಡಿಯನ್ ಆಡಿ ಹಲಗೆಗೆ ಬೆಂಕಿ ಹಚ್ಚುತ್ತಿದ್ದವರು ಹೀಗೆ ಎದ್ದು ಹೋಗುವುದನ್ನು ನೋಡಲು ನನಗೂ ಇಷ್ಟವಿಲ್ಲ. ಆದರೆ ನಿಯಮ ಬಿಟ್ಟದ್ದನ್ನು ಬಳಸಿದವರನ್ನು ಬೈಯುವ ಬದಲು ನಿಯಮ ಬದಲಿಸಿ ಎಂದು ಸಂಘಟಕರನ್ನು ಕೇಳಬೇಕು. ಇದೇ ಎಚ್ಚರಿಕೆಯ ಆಟದಿಂದಲೇ 2019ರಲ್ಲಿ ಖಾಂತಿ-ಮಾನ್ಸಿಸ್ಕ್‌ನಲ್ಲಿ 128 ಮಂದಿಯ ವಿಶ್ವಕಪ್ ಗೆದ್ದರು. ಸೋತರೆ ಗಂಟುಮೂಟೆ ಕಟ್ಟಬೇಕಾದ ಪಂದ್ಯಾವಳಿ ಅದು. ಫೈನಲ್‌ನಲ್ಲಿ ಡಿಂಗ್ ಲಿರೆನ್‌ರನ್ನು ಬ್ಲಿಟ್ಜ್‌ವರೆಗೆ ಎಳೆದು ಅಲ್ಲಿ ಸೋಲಿಸಿದರು. ಅದೇ ಡಿಂಗ್ 2023ರಲ್ಲಿ ವಿಶ್ವ ಚಾಂಪಿಯನ್ ಆದರು.

ನನ್ನನ್ನು ನಿಜಕ್ಕೂ ನೋಯಿಸುವುದು ಇನ್ನೊಂದು ಆರೋಪ. ಆ ವಿಶ್ವಕಪ್ ಗೆಲುವಿನಿಂದ ಸಿಕ್ಕ ಕ್ಯಾಂಡಿಡೇಟ್ಸ್ ಸ್ಥಾನವನ್ನು 2020ರಲ್ಲಿ ಬಿಟ್ಟು ಹೆದರಿ ಓಡಿದರು ಎನ್ನುತ್ತಾರೆ. ಏನಾಯಿತು ಎಂದು ನೋಡಿ. ಯೆಕಟೆರಿನ್‌ಬರ್ಗ್‌ನಲ್ಲಿ ಮಾರ್ಚ್ 17ಕ್ಕೆ ಆಟ ಶುರುವಾಗಬೇಕಿತ್ತು. ಕೊರೊನಾ ಹರಡುತ್ತಿದೆ, ಮುಂದೂಡಿ ಎಂದು ರಾಜಾಬೋವ್ ಕೇಳಿದರು. ವಿಶ್ವ ಚೆಸ್ ಸಂಸ್ಥೆ ಫಿಡೆ ಒಪ್ಪಲಿಲ್ಲ. ಅವರು ಹಿಂದೆ ಸರಿದರು, ಅವರ ಜಾಗಕ್ಕೆ ಫ್ರಾನ್ಸಿನ ಮ್ಯಾಕ್ಸಿಮ್ ವಾಷಿಯೆ-ಲಾಗ್ರಾವ್ ಬಂದರು. ಡಿಂಗ್ ಅದಾಗಲೇ ಮಾಸ್ಕೋ ಬಳಿ ಎರಡು ವಾರ ಕ್ವಾರಂಟೈನ್‌ನಲ್ಲಿ ಕಳೆದು ಬಂದಿದ್ದರು. ಏಳು ಸುತ್ತು ಮುಗಿಯುವಷ್ಟರಲ್ಲಿ ರಷ್ಯಾ ಹೊರದೇಶದ ವಿಮಾನ ಸಂಚಾರ ನಿಲ್ಲಿಸುವುದಾಗಿ ಪ್ರಕಟಿಸಿತು, ಮಾರ್ಚ್ 26ರಂದು ಪಂದ್ಯಾವಳಿ ಅರ್ಧಕ್ಕೆ ನಿಂತಿತು. ಮತ್ತೆ ಶುರುವಾದದ್ದು 2021ರ ಏಪ್ರಿಲ್‌ನಲ್ಲಿ. ಯಾರ ಮಾತು ನಿಜವಾಯಿತು? ಜೀವನದಲ್ಲಿ ಮತ್ತೆ ಬಾರದಿರಬಹುದಾದ ಅವಕಾಶವನ್ನು ಆರೋಗ್ಯದ ಪ್ರಶ್ನೆಗಾಗಿ ಕೈಬಿಡುವುದಕ್ಕೆ ಎದೆಗಾರಿಕೆ ಬೇಕು. ಅದನ್ನು ಹೇಡಿತನ ಎನ್ನುವುದು ಅನ್ಯಾಯ.

ಫಿಡೆ 2022ರ ಕ್ಯಾಂಡಿಡೇಟ್ಸ್‌ಗೆ ಅವರನ್ನು ನೇರವಾಗಿ ಸೇರಿಸಿಕೊಂಡಾಗ ಬೇರೊಬ್ಬರ ಜಾಗ ಕಿತ್ತುಕೊಂಡರು ಎಂಬ ಕೂಗೆದ್ದಿತು. ಅದು ಅವರೇ ಗೆದ್ದು ಸಂಪಾದಿಸಿದ ಜಾಗ, ಎರಡು ವರ್ಷ ತಡವಾಗಿ ಮರಳಿತು. ಆ ಪಂದ್ಯಾವಳಿ ನಡೆದ ಮ್ಯಾಡ್ರಿಡ್‌ನಲ್ಲಿ ಅವರು ಕೊನೆಗೆ ಬರುತ್ತಾರೆ ಎಂದು ಬರೆದವರು ಬಹಳ. ನೆಪೊಮ್ನಿಯಾಚಿ ಒಂಬತ್ತೂವರೆ, ಡಿಂಗ್ ಎಂಟು, ರಾಜಾಬೋವ್ ಏಳೂವರೆ ಅಂಕ. ನಕಾಮುರಾ ಕೂಡ ಏಳೂವರೆಯಲ್ಲೇ ನಿಂತರು, ಕರುವಾನಾ ಮತ್ತು ಫಿರೂಜಾ ರಾಜಾಬೋವ್‌ಗಿಂತ ಕೆಳಗೆ ಉಳಿದರು. 35ರ ವಯಸ್ಸಿನಲ್ಲಿ, ಆಡಲು ಯೋಗ್ಯತೆಯೇ ಇಲ್ಲ ಎನ್ನಿಸಿಕೊಂಡವರು ಮೂರನೆಯವರಾದರು.

ಹಳೆಯ ಆಟದ ಬಗ್ಗೆ ಇಷ್ಟು ಬರೆದದ್ದಕ್ಕೆ ಹೊಸ ಕಾರಣವೂ ಇದೆ. 2025ರ ಗ್ರ್ಯಾಂಡ್ ಸ್ವಿಸ್‌ನಲ್ಲಿ ಗುಕೇಶ್ ಸಾಲಾಗಿ ಮೂರು ಆಟ ಸೋತಾಗ, ಒಂಬತ್ತು ತಿಂಗಳ ಹಿಂದೆ ಅವರನ್ನು ಹೊತ್ತು ಮೆರೆದವರೇ ಆ ಹುಡುಗನ ಕತೆ ಮುಗಿಯಿತು ಎಂದು ಹೇಳಲು ಶುರುಮಾಡಿದರು. ಆಗ ಅವರಿಗೆ 19 ವರ್ಷ. ಅದೇ ವರ್ಷದ ಜೂನ್‌ನಲ್ಲಿ ನಾರ್ವೆಯಲ್ಲಿ ಅವರು ಕಾರ್ಲ್‌ಸನ್‌ರನ್ನು ಸೋಲಿಸಿದ್ದನ್ನು ಮೂರು ತಿಂಗಳಲ್ಲಿ ಮರೆತುಬಿಟ್ಟರು. ರಾಜಾಬೋವ್ ಮೇಲೆ ಹೊರಿಸಿದ ದೂರುಗಳ ಪಟ್ಟಿ ಹೆಸರು ಬದಲಿಸಿಕೊಂಡು ಚೆನ್ನೈಗೆ ಬರುತ್ತಿದೆ. ದಯವಿಟ್ಟು ಅದನ್ನು ಇಲ್ಲೇ ನಿಲ್ಲಿಸಿ. ಗುಕೇಶ್, ಪ್ರಜ್ಞಾನಂದ, ಅವರ ಹಿಂದೆ ಬರುವ ಮಕ್ಕಳು ಆಡಿದ ಆಟವನ್ನು ಆಟವಾಗಿ ನೋಡಿ. ಸೋತರೆ ಸೋತರು ಎನ್ನಿ, ಆ ನಡೆ ತಪ್ಪು ಎನ್ನಿ. ಅವರ ಮುಂದಿನ ಇಪ್ಪತ್ತು ವರ್ಷಗಳ ತೀರ್ಪನ್ನು ಈಗಲೇ ಬರೆಯಬೇಡಿ.